ಬಾಣೆಯ ಹುಲ್ಲಿಗೆ ಡಿಸೆಂಬರಿನಲ್ಲೇ ಬೆಂಕಿ ಕೊಟ್ಟರೆ ಇಂಗಾಲದ ಲೆಕ್ಕ ಕೂಡಿಬರುತ್ತದೆಯೇ?

ಬರೆಯಂಚಿನವ
ಎಲ್ಲರಿಗೂ ನಮಸ್ಕಾರ. ಕೊಡಗಿನ ನಮ್ಮ ಮನೆಯ ಹಿಂದೆ ಐದು ಎಕರೆ ಬಾಣೆ, ಅಂದರೆ ಹುಲ್ಲು, ಮರಗಳ ಏರುನೆಲವಿದೆ. ಅಜ್ಜನ ಕಾಲದಲ್ಲಿ ಅಲ್ಲಿ ದನಗಳ ಹಿಂಡೇ ಮೇಯುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಉಳಿದಿರುವುದು ನಾಲ್ಕೇ ದನಗಳಾದ್ದರಿಂದ ಹುಲ್ಲು ಎದೆಯುದ್ದ ಬೆಳೆದು ನಿಂತಲ್ಲೇ ಒಣಗುತ್ತದೆ. ಬಾಣೆಯ ಮೇಲಕ್ಕೆ ಪೈಸಾರಿ ಎಂಬ ಸರ್ಕಾರಿ ಪಾಳುನೆಲ, ಅದರಾಚೆ ಕಾಡು, ಕೆಳಕ್ಕೆ ರೊಬಸ್ಟಾ ಕಾಫಿ ತೋಟ. ಕಳೆದ ಮಾರ್ಚ್‌ನಲ್ಲಿ ಪೈಸಾರಿಯಲ್ಲಿ ಯಾರೋ ಹಚ್ಚಿದ ಬೆಂಕಿ ಮಧ್ಯಾಹ್ನದ ಗಾಳಿಗೆ ಬಾಣೆಗಿಳಿಯಿತು. ಸಿಲ್ವರ್ ಮರದ ಒಣ ಎಲೆಗಳು ಉರಿಯುತ್ತಲೇ ಹಾರಿ ತೋಟದ ತರಗಿನ ಮೇಲೆ ಬಿದ್ದವು. ಹೂಮಳೆಗೆ ಕಾಯುತ್ತಿದ್ದ ನಲವತ್ತು ಗಿಡಗಳು ಸೀದುಹೋದವು. ಸ್ಪ್ರಿಂಕ್ಲರಿಗೆಂದು ಹಾಸಿದ್ದ ಪಿವಿಸಿ ಪೈಪು ಬೆಲ್ಲದ ಪಾಕದ ಹಾಗೆ ಕರಗಿ ಕಲ್ಲಿಗೆ ಅಂಟಿಕೊಂಡಿತ್ತು; ಅದನ್ನು ಕತ್ತಿಯಿಂದ ಕೆತ್ತಿ ತೆಗೆಯಬೇಕಾಯಿತು.

ನನ್ನ ದೊಡ್ಡಪ್ಪನ ಮಗ ಉತ್ತರ ಆಸ್ಟ್ರೇಲಿಯಾದ ಒಂದು ದನದ ಜಮೀನಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಅಲ್ಲಿ ಮಳೆಗಾಲ ಮುಗಿದು ಹುಲ್ಲು ಇನ್ನೂ ಅರೆಹಸಿರಾಗಿರುವಾಗಲೇ ಬೇಕೆಂದೇ ಬೆಂಕಿ ಕೊಡುತ್ತಾರಂತೆ. ಹಾಗೆ ಮಾಡಿದ್ದರಿಂದ ಗಾಳಿಗೆ ಸೇರುವ ಅನಿಲ ಕಡಿಮೆಯಾಯಿತೆಂದು ಲೆಕ್ಕ ಒಪ್ಪಿಸಿದರೆ ಟನ್ನಿಗೆ ಒಂದರಂತೆ, ಮಾರಿ ಹಣ ಮಾಡಬಹುದಾದ ಕಾರ್ಬನ್ ಕ್ರೆಡಿಟ್ ಸಿಗುತ್ತದಂತೆ. ನಮ್ಮಲ್ಲಿ ಡಿಸೆಂಬರಿನಲ್ಲಿ ಹೀಗೆ ಸುಟ್ಟರೆ ಮಾರ್ಚ್‌ನ ಕಾಟ ತಪ್ಪುತ್ತದೆಯೇ, ಮತ್ತು ಆ ಕ್ರೆಡಿಟ್ಟಿನ ದಾರಿ ನಮಗೂ ಇದೆಯೇ, ತಿಳಿದವರು ಹೇಳಬೇಕು.

ಬೆಲ್ಲದಕಾಫಿ
ಸುಟ್ಟು ಹಣ ಮಾಡುವ ವಿದ್ಯೆ ಇಟ್ಟಿಗೆ ಗೂಡಿನವರಿಗೆ ಮಾತ್ರ ಗೊತ್ತಿದೆಯೆಂದು ಇಷ್ಟು ದಿನ ತಿಳಿದಿದ್ದೆ.

ಮಳೆಮಾಪಕ
ನಿಮ್ಮ ದೊಡ್ಡಪ್ಪನ ಮಗ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಉತ್ತರ ಆಸ್ಟ್ರೇಲಿಯಾದಲ್ಲಿ ಸುಮಾರು ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಉಳಿದ ತಿಂಗಳುಗಳಲ್ಲಿ ಒಣಹವೆ. ಜುಲೈ 31ರವರೆಗೆ ಬಿದ್ದ ಬೆಂಕಿಯನ್ನು ಒಣಗಾಲದ ಮೊದಲರ್ಧದ್ದೆಂದೂ ಆಗಸ್ಟ್ 1ರಿಂದ ಮುಂದಿನದನ್ನು ಕೊನೆಯರ್ಧದ್ದೆಂದೂ ಅವರು ವಿಂಗಡಿಸುತ್ತಾರೆ. ಮೊದಲರ್ಧದ್ದು ನಾವು ಒಲೆಯ ಮುಂದೆ ಹೇಳುವ ಸಣ್ಣ ಉರಿ. ರಾತ್ರಿಯ ಮಂಜಿಗೆ ತಾನೇ ಆರುತ್ತದೆ, ತೋಡಿನ ಬದಿಯ ಹಸಿಯನ್ನು ದಾಟುವುದಿಲ್ಲ, ಅಲ್ಲಲ್ಲಿ ಸುಡದ ತುಂಡುಗಳನ್ನು ಬಿಟ್ಟು ಹೋಗುತ್ತದೆ. ಕೊನೆಯರ್ಧದ್ದು ದೊಡ್ಡ ಉರಿ. ಬಿದ್ದ ಮರದ ದಿಮ್ಮಿಯನ್ನೂ ಬಿಡದೆ ವಾರಗಟ್ಟಲೆ ಓಡುತ್ತದೆ.

ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಸಣ್ಣ ಉರಿಯಲ್ಲೇ ನೆಲವನ್ನು ತುಂಡುತುಂಡಾಗಿ ಸುಡುತ್ತ ಬಂದವರು. ಕಳೆದ ಶತಮಾನದಲ್ಲಿ ಅವರು ತಮ್ಮ ನೆಲ ಬಿಟ್ಟು ಕ್ರೈಸ್ತ ಮಿಷನ್‌ಗಳಿಗೂ ಪಟ್ಟಣಗಳಿಗೂ ಸೇರಿದ ಮೇಲೆ ಬೆಂಕಿ ಕೊಡುವವರಿಲ್ಲದೆ ಹುಲ್ಲು ಕೂಡಿಕೊಂಡಿತು, ದೊಡ್ಡ ಉರಿಯ ಕಾಲ ಬಂತು. ಪಶ್ಚಿಮ ಆರ್ನೆಮ್ ಲ್ಯಾಂಡ್‌ನ ಸುಮಾರು 28,000 ಚದರ ಕಿಲೋಮೀಟರಿನಲ್ಲಿ 2006ರ ಹೊತ್ತಿಗೆ ಹಳೆಯ ಪದ್ಧತಿಯನ್ನು ಮತ್ತೆ ಹಿಡಿದರು. ಒಂದು ನೈಸರ್ಗಿಕ ಅನಿಲ ಕಂಪನಿ ವರ್ಷಕ್ಕೆ ಸುಮಾರು 1,00,000 ಟನ್ ಉಳಿತಾಯಕ್ಕೆಂದು ಅವರಿಗೆ ಹಣ ಕೊಡುವ ಕರಾರು ಮಾಡಿಕೊಂಡಿತು. ಆಮೇಲೆ 2011ರಲ್ಲಿ ಇಂಥ ಉಳಿತಾಯಕ್ಕೆ ಕ್ರೆಡಿಟ್ ಕೊಡುವ ಕಾಯ್ದೆಯೇ ಬಂತು. ಆ ಕಾಯ್ದೆಯಡಿ ಬೆಂಕಿ ಯೋಜನೆಯನ್ನು ಮೊದಲು ನೋಂದಾಯಿಸಿದ್ದು 2012ರಲ್ಲಿ, ಫಿಶ್ ರಿವರ್ ಎಂಬ ಹಿಂದಿನ ದನದ ಜಮೀನಿನಲ್ಲಿ.

ಕೊಲ್ಲಿತೋಡು
ನನಗೊಂದು ಅರ್ಥವಾಗುತ್ತಿಲ್ಲ. ಡಿಸೆಂಬರಿನಲ್ಲಿ ಸುಟ್ಟರೂ ಹೊಗೆಯೇ, ಮಾರ್ಚ್‌ನಲ್ಲಿ ಸುಟ್ಟರೂ ಹೊಗೆಯೇ. ಇಂಗಾಲ ಹೇಗೆ ಉಳಿಯಿತು?

ಮಳೆಮಾಪಕ
ಒಳ್ಳೆಯ ಪ್ರಶ್ನೆ. ಹುಲ್ಲು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಏಕೆಂದರೆ ಮುಂದಿನ ಮಳೆಗೆ ಚಿಗುರುವ ಹುಲ್ಲು ಅಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹುಲ್ಲು ಹಿಂದಕ್ಕೆ ಎಳೆದುಕೊಳ್ಳಲಾರದ ಎರಡು ಅನಿಲಗಳಿವೆ: ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಶಕ್ತಿ ಮೀಥೇನಿಗೆ ಇಂಗಾಲದ ಡೈಆಕ್ಸೈಡಿನ 28 ಪಟ್ಟು, ನೈಟ್ರಸ್ ಆಕ್ಸೈಡಿಗೆ 265 ಪಟ್ಟು. ಸುಡುವ ಪ್ರದೇಶ ಕಡಿಮೆಯಾದಷ್ಟೂ, ಸುಡದ ತುಂಡುಗಳು ಹೆಚ್ಚಿದಷ್ಟೂ ಈ ಎರಡೂ ಇಳಿಯುತ್ತವೆ. 2018ರಿಂದ ಸುಡದೆ ಉಳಿದ ದಿಮ್ಮಿ, ಕೊಂಬೆಗಳಲ್ಲಿ ಕೂಡಿಡುವ ಇಂಗಾಲಕ್ಕೂ ಲೆಕ್ಕವುಂಟು, ಆದರೆ ಅದನ್ನು 25 ಅಥವಾ 100 ವರ್ಷ ಕಾಯ್ದುಕೊಳ್ಳುತ್ತೇನೆಂದು ಬರೆದುಕೊಡಬೇಕು.

ಕರಿಬೂದಿ
ಅರೆಹಸಿ ಹುಲ್ಲು ಸುಟ್ಟರೆ ಹೊಗೆ ಹೆಚ್ಚು ಎನ್ನುವುದು ಒಲೆ ಊದಿದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಹೊಗೆ ಹೆಚ್ಚೆಂದರೆ ಅರೆಬೆಂದ ಅನಿಲ ಹೆಚ್ಚು, ಅಂದರೆ ಮೀಥೇನ್ ಹೆಚ್ಚು. ಇದಕ್ಕೆ ನಿಮ್ಮ ಆಸ್ಟ್ರೇಲಿಯಾದವರು ಏನೆನ್ನುತ್ತಾರೆ?

ಮಳೆಮಾಪಕ
ಆ ಜಗಳ ನಡೆದೇ ಇದೆ. ಆಸ್ಟ್ರೇಲಿಯಾದ ಬಯಲಿನಲ್ಲಿ ಹೊಗೆಯನ್ನು ಹಿಡಿದು ಅಳೆದಾಗ ಕಿಲೋ ಹುಲ್ಲಿಗೆ ಹೊರಡುವ ಮೀಥೇನ್ ಎರಡೂ ಕಾಲಗಳಲ್ಲಿ ಹೆಚ್ಚುಕಡಿಮೆ ಒಂದೇ ಬಂತು. ಲಾಭವೆಲ್ಲ ಸುಟ್ಟ ಪ್ರಮಾಣ ಇಳಿದದ್ದರಿಂದ. ಆಫ್ರಿಕಾದ ತೇವದ ಹುಲ್ಲುಗಾವಲುಗಳಿಗೆ ಇದೇ ಅಂಕಿ ಹೊಂದುತ್ತದೆಯೇ ಎಂದು ನಿಮ್ಮ ಹಾಗೆಯೇ ಕೇಳಿದವರಿದ್ದಾರೆ. ಕೊಡಗಿನಷ್ಟು ಮಂಜು ಬೀಳುವ ಕಡೆ ನಿಮ್ಮ ಒಲೆಯ ಅನುಭವವನ್ನು ನಾನಂತೂ ತಳ್ಳಿಹಾಕುವುದಿಲ್ಲ.

ಲೆಕ್ಕದಕಡ್ಡಿ
ಮೂಲ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ಐದು ಎಕರೆಯೆಂದರೆ ಎರಡು ಹೆಕ್ಟೇರ್. ಹೆಕ್ಟೇರಿಗೆ ಮೂರು ಟನ್ ಒಣಹುಲ್ಲು ಎಂದಿಟ್ಟುಕೊಳ್ಳೋಣ. ಒಟ್ಟು ಆರು ಟನ್. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2006ರ ಮಾರ್ಗಸೂಚಿಯಂತೆ ಒಂದು ಕಿಲೋ ಒಣಹುಲ್ಲು ಸುಟ್ಟರೆ 2.3 ಗ್ರಾಂ ಮೀಥೇನ್, 0.21 ಗ್ರಾಂ ನೈಟ್ರಸ್ ಆಕ್ಸೈಡ್. ಆರು ಟನ್ನಿಗೆ 13.8 ಕಿಲೋ ಮೀಥೇನ್, 1.26 ಕಿಲೋ ನೈಟ್ರಸ್ ಆಕ್ಸೈಡ್. ಅವನ್ನು 28 ಮತ್ತು 265ರಿಂದ ಗುಣಿಸಿ ಕೂಡಿದರೆ ಸುಮಾರು 720 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಡಿಸೆಂಬರಿನ ಸಣ್ಣ ಉರಿ ಮೂರರಲ್ಲೊಂದು ಪಾಲನ್ನು ಸುಡದೆ ಬಿಟ್ಟಿತೆಂದರೆ ಉಳಿತಾಯ 240 ಕಿಲೋ, ಅಂದರೆ ಕಾಲು ಟನ್ನಿಗೂ ಕಡಿಮೆ. ಟನ್ನಿಗೆ 35 ಆಸ್ಟ್ರೇಲಿಯನ್ ಡಾಲರ್ ಎಂದು ಹಿಡಿದರೂ ಕೈಗೆ ಬರುವುದು ಎಂಟು ಡಾಲರ್ ಚಿಲ್ಲರೆ. ಬೆಂಕಿ ಕಾಯಲು ಕರೆದ ಒಬ್ಬ ಆಳಿನ ದಿನಗೂಲಿಗೂ ಅದು ಸಾಲದು.

ಇನ್ನೊಂದು ಮಾತು. ಅದೇ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲು ಕೊಡದ ಒಂದು ದನ ವರ್ಷಕ್ಕೆ ತೇಗಿ ಹೊರಬಿಡುವ ಮೀಥೇನ್ 27 ಕಿಲೋ. 28ರಿಂದ ಗುಣಿಸಿದರೆ 756 ಕಿಲೋ. ನಿಮ್ಮ ಇಡೀ ಬಾಣೆ ಒಮ್ಮೆ ಸುಟ್ಟುಹೋಗುವುದಕ್ಕಿಂತ ನಿಮ್ಮ ಒಂದು ದನದ ವರ್ಷದ ತೇಗು ದೊಡ್ಡದು.

ಕೊಟ್ಟಿಗೆಯಾಕೆ
ದನದ ತೇಗನ್ನು ಲೆಕ್ಕ ಹಾಕುವವರು ದನ ಮೇಯ್ದ ಹುಲ್ಲು ಬೆಂಕಿಗೆ ಸಿಗುವುದಿಲ್ಲ ಎನ್ನುವುದನ್ನೂ ದಯವಿಟ್ಟು ಲೆಕ್ಕಕ್ಕೆ ಸೇರಿಸಲಿ. ನಮ್ಮೂರಿನಲ್ಲಿ ಬಾಣೆಗಳಿಗೆ ಬೆಂಕಿ ಬೀಳತೊಡಗಿದ್ದೇ ದನಗಳು ಕಡಿಮೆಯಾದ ಮೇಲೆ. ಮೊದಲು ಗದ್ದೆಗೆ ಗೊಬ್ಬರ ಬೇಕಿತ್ತು, ಗೊಬ್ಬರಕ್ಕೆ ದನ ಬೇಕಿತ್ತು, ಕೊಟ್ಟಿಗೆಗೆ ಹಾಸಲು ಬಾಣೆಯ ಸೊಪ್ಪು, ತರಗು ಎಲ್ಲವೂ ಬೇಕಿತ್ತು; ಉರಿಯಲು ಏನೂ ಉಳಿಯುತ್ತಿರಲಿಲ್ಲ. ಈಗ ಗದ್ದೆ ಪಾಳು ಬಿದ್ದಿದೆ, ದನವನ್ನು ಬಾಣೆಗೆ ಬಿಟ್ಟರೆ ಸಂಜೆ ಹಿಂದಿರುಗುತ್ತದೆಯೋ ಹುಲಿಯ ಪಾಲಾಗುತ್ತದೆಯೋ ತಿಳಿಯದು. ದಕ್ಷಿಣ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಮಾಪಕ
ಲೆಕ್ಕದಕಡ್ಡಿಯವರ ಅಂಕಿ ಉದಾರವಾಯಿತೆಂದು ನನ್ನ ತಕರಾರು. ಆರ್ನೆಮ್ ಲ್ಯಾಂಡ್‌ನ 1,00,000 ಟನ್ನನ್ನು 28,000 ಚದರ ಕಿಲೋಮೀಟರಿಗೆ ಹಂಚಿದರೆ ಚದರ ಕಿಲೋಮೀಟರಿಗೆ ಮೂರೂವರೆ ಟನ್ ಬರುತ್ತದೆ. ಐದು ಎಕರೆಗೆ ಸುಮಾರು 70 ಕಿಲೋ. ಎಲ್ಲ ನೆಲವೂ ಪ್ರತಿವರ್ಷ ಸುಡುವುದಿಲ್ಲವಲ್ಲ. ಕೊಡಗು ಜಿಲ್ಲೆಯ ವಿಸ್ತಾರ 4,102 ಚದರ ಕಿಲೋಮೀಟರ್. ಅಂಥ ಆರೇಳು ಕೊಡಗುಗಳನ್ನು ಜೋಡಿಸಿದಷ್ಟು ದೊಡ್ಡ ಜಾಗದಲ್ಲಿ ಅವರ ಆ ವ್ಯಾಪಾರ ನಡೆದದ್ದು. ಅಲ್ಲಿ ಹೆಲಿಕಾಪ್ಟರಿನಿಂದ ಬೆಂಕಿಯ ಗುಂಡು ಉದುರಿಸುತ್ತಾರೆ, ಇಲ್ಲಿ ನಾವು ಬೆಂಕಿಪೊಟ್ಟಣ ಹಿಡಿದು ಬೇಲಿ ದಾಟುತ್ತೇವೆ.

ಲೆಕ್ಕದಕಡ್ಡಿ
ಒಪ್ಪಿದೆ. 70 ಕಿಲೋ ಎಂದೇ ಇರಲಿ.

ಬೆಟ್ಟದತಪ್ಪಲು
ಎಲ್ಲರೂ ಒಟ್ಟುಗೂಡಿದರೆ? ಊರಿನ ಬಾಣೆಗಳು, ಪೈಸಾರಿ, ಊರುಡುವೆ ಎಂಬ ಊರೊಟ್ಟಿನ ಕಾಡು ಎಲ್ಲವನ್ನೂ ಸೇರಿಸಿ ಒಂದು ಸಹಕಾರ ಸಂಘ ಮಾಡಿಕೊಂಡು ಅರ್ಜಿ ಹಾಕಬಹುದಲ್ಲವೇ? ಉಪಗ್ರಹದ ಚಿತ್ರವಂತೂ ಪುಕ್ಕಟೆಯಾಗಿ ಸಿಗುತ್ತದೆ.

ಮಳೆಮಾಪಕ
ಆಸ್ಟ್ರೇಲಿಯಾದ ಕಾಯ್ದೆ ಆಸ್ಟ್ರೇಲಿಯಾದ ನೆಲಕ್ಕಷ್ಟೇ. ಅದೂ ವರ್ಷಕ್ಕೆ 600 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಉತ್ತರದ ಸವನ್ನಾಕ್ಕೆ, ಅಂದರೆ ಮರಗಳು ಚದುರಿರುವ ಹುಲ್ಲುಗಾವಲಿಗೆ ಮಾತ್ರ. ಹೆಚ್ಚು ಮಳೆಯ ಭಾಗದಲ್ಲಿ ಹಿಂದಿನ ಹತ್ತು ವರ್ಷಗಳ, ಕಡಿಮೆ ಮಳೆಯ ಭಾಗದಲ್ಲಿ ಹದಿನೈದು ವರ್ಷಗಳ ಬೆಂಕಿಯ ದಾಖಲೆ ಬೇಕು. ಇನ್ನು ಉಪಗ್ರಹದ ಮಾತು. ಅವರ ಬೆಂಕಿ ನಕ್ಷೆಯ ಒಂದು ಚುಕ್ಕೆ ಉದ್ದಗಲ 250 ಮೀಟರ್, ಅಂದರೆ ಹದಿನೈದು ಎಕರೆ. ಪ್ರಶ್ನೆ ಕೇಳಿದವರ ಬಾಣೆ ಒಂದು ಚುಕ್ಕೆಯ ಮೂರರಲ್ಲೊಂದು ಪಾಲು. ನಮ್ಮಲ್ಲಿ ಅರಣ್ಯ ಸರ್ವೇಕ್ಷಣ ಸಂಸ್ಥೆ ಮೊಬೈಲಿಗೆ ಕಳಿಸುವ ಕಾಡ್ಗಿಚ್ಚಿನ ಎಚ್ಚರಿಕೆ 375 ಮೀಟರಿನ ಚುಕ್ಕೆಯನ್ನೂ ಬಳಸುತ್ತದೆ. ಬೆಂಕಿ ಎದ್ದ ಸುಳಿವು ಕೊಡಲು ಅದು ಸಾಕು, ಬಾಣೆಯಲ್ಲಿ ಎಷ್ಟು ಉಳಿಯಿತೆಂದು ಅಳೆಯಲು ಸಾಲದು.

ಹಳೆ ವಾಚರ್
ನಾನು ಹದಿನಾಲ್ಕು ಬೇಸಿಗೆ ಕಾಡಿನ ಬೆಂಕಿ ಕಾಯ್ದವನು, ಆದ್ದರಿಂದ ಒಂದೆರಡು ಮಾತು. ಮೊದಲನೆಯದು ಕಾನೂನು. ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದನ್ನು ಅರಣ್ಯ ಕಾಯ್ದೆ ತಡೆಯುತ್ತದೆ; ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಹಚ್ಚಿದ್ದನ್ನು ಆರಿಸದೆ ಬಿಡುವುದನ್ನೂ 1972ರ ವನ್ಯಜೀವಿ ಕಾಯ್ದೆಯ 30ನೆಯ ಕಲಂ ತಡೆಯುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ನಾಗರಹೊಳೆ ಎಂದು ಎಣಿಸಿದರೆ ಕೊಡಗಿನ ಎಷ್ಟೋ ಬಾಣೆಗಳ ಬೆನ್ನಿಗೇ ಇಂಥ ಕಾಡಿದೆ. ಬೆಂಕಿ ನಿಮ್ಮದಾದರೂ ಅದು ಗಡಿಕಲ್ಲು ಓದಿಕೊಂಡು ನಿಲ್ಲುವುದಿಲ್ಲ.

ಎರಡನೆಯದು, ಬೆಂಕಿಯ ನಡೆ. ಅದು ಏರನ್ನು ಓಡುತ್ತ ಹತ್ತುತ್ತದೆ, ಇಳಿಜಾರನ್ನು ತೆವಳುತ್ತ ಇಳಿಯುತ್ತದೆ. ಬರೆಯ, ಅಂದರೆ ಕಡಿದಾದ ಇಳಿಜಾರಿನ, ಬುಡದಲ್ಲಿ ಕಡ್ಡಿ ಗೀರಿದವನು ತಾನು ಹಚ್ಚಿದ್ದನ್ನು ತಾನೇ ಹಿಡಿಯಲಾರ. ನಾವು ಬೆಂಕಿ ಲೈನು, ಅಂದರೆ ಬೆಂಕಿ ದಾಟದಂತೆ ಮೊದಲೇ ಬರಿದು ಮಾಡುವ ಪಟ್ಟಿಯನ್ನು, ಸುಡುವಾಗ ಮೊದಲು ಎರಡು ಬದಿ ಸವರಿ, ಮೇಲಿನಿಂದ ಹಚ್ಚಿ, ಗಾಳಿಗೆ ಎದುರಾಗಿ ಇಳಿಸುತ್ತಿದ್ದೆವು. ಅದೂ ಬಿಸಿಲು ಇಳಿದ ಮೇಲೆ, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು. ನನಗೆ ಕಲಿಸಿದ ಹಿರಿಯರು ಒಂದು ಹಿಡಿ ಹುಲ್ಲು ಕಿತ್ತು ಬೆರಳಿಗೆ ಸುತ್ತಿ ನೋಡುತ್ತಿದ್ದರು. ಸುತ್ತಿಕೊಂಡರೆ ಹಚ್ಚಬಹುದು, ಮುರಿದರೆ ಹಚ್ಚಬಾರದು, ನೀರು ಒಸರಿದರೆ ಇನ್ನೊಂದು ವಾರ ಕಾಯಬೇಕು.

ಹಡ್ಲುಮನೆ
ಇದನ್ನೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. ಬೇಸಿಗೆ ಬಲಿಯುವ ಮೊದಲೇ ನೆಲದ ತರಗನ್ನಷ್ಟೇ ಸುಡುವ ಸಣ್ಣ ಉರಿ ಅದು. ಬೆಂಕಿ ನಿಷೇಧಿಸಿದ ಮೇಲೆ ನೆಲ್ಲಿಮರಕ್ಕೆ ಬಂದಳಿಕೆ ಹೆಚ್ಚಿತು, ಲಂಟಾನ ಎಂಬ ಕಳೆಪೊದೆ ಕಾಡನ್ನೆಲ್ಲ ನುಂಗಿತು ಎಂದು ಅವರು ಮೊದಲಿನಿಂದ ಹೇಳುತ್ತ ಬಂದರು. ಆಮೇಲೆ ಸಂಶೋಧಕರೂ ಅವರ ಜೊತೆ ಕುಳಿತು ಕೇಳಿಸಿಕೊಂಡರು. ಆ ಜಾಗಕ್ಕೆ 2011ರಲ್ಲಿ ಹುಲಿ ಮೀಸಲಿನ ಹೆಸರು ಬಂತು, ಅದೇ ವರ್ಷ ಅರಣ್ಯಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯದ ಹಕ್ಕೂ ಬಂತು, ಆದರೆ ಬೆಂಕಿಯ ಕಡ್ಡಿ ಮಾತ್ರ ಅವರ ಕೈಗೆ ಹಿಂದಿರುಗಲಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದಾಗ ನಾವೆಲ್ಲ ಟಿವಿಯ ಮುಂದೆ ಕುಳಿತು ನೋಡಿದೆವು. ಕೂಡಿಬಿದ್ದ ಹುಲ್ಲಿನ ಜೊತೆಗೆ ಒಣ ಲಂಟಾನವೂ ಸೇರಿದರೆ ಬೆಂಕಿ ನೆಲ ಬಿಟ್ಟು ಮರ ಹತ್ತುತ್ತದೆ.

ಕರಿಬೂದಿ
ಬಂಡೀಪುರ ಬೇರೆ, ನಮ್ಮ ಬೆಟ್ಟ ಬೇರೆ. ಬಂಡೀಪುರ, ನಾಗರಹೊಳೆಯ ಪೂರ್ವದ ಅಂಚು, ಬಿಳಿಗಿರಿ ಇವುಗಳ ಮರಗಳಿಗೆ ದಪ್ಪ ತೊಗಟೆಯಿದೆ, ಕೆಳಗೆ ಬಿಸಿಲಿನ ಹುಲ್ಲಿದೆ. ಅವನ್ನು ಕಾಡೆನ್ನುವುದಕ್ಕಿಂತ ಸವನ್ನಾ ಎನ್ನುವುದೇ ಸರಿಯೆಂದು ವಾದಿಸುವ ಪರಿಸರ ವಿಜ್ಞಾನಿಗಳಿದ್ದಾರೆ. ತಡಿಯಂಡಮೋಳ್, ಪುಷ್ಪಗಿರಿಯ ಕಡೆ ಮೇಲೆ ಹುಲ್ಲು, ಕೊಲ್ಲಿಯ ತಗ್ಗುಗಳಲ್ಲಿ ಶೋಲಾ ಎಂಬ ನಿತ್ಯಹಸಿರು ಕಾಡು. ಹುಲ್ಲು ಬೆಂಕಿಯನ್ನು ತಾಳಿಕೊಳ್ಳುತ್ತದೆ, ಅದರ ಇಂಗಾಲದ ಬಹುಪಾಲು ಬೇರು, ಮಣ್ಣುಗಳಲ್ಲಿ ಭದ್ರವಾಗಿರುತ್ತದೆ. ಶೋಲಾದ ಅಂಚಿನ ತೆಳುತೊಗಟೆಯ ಮರ ಒಂದೇ ಉರಿಗೆ ಸಾಯುತ್ತದೆ. ಎರಡಕ್ಕೂ ಒಂದೇ ಮದ್ದೆಂದರೆ ನಾನು ಒಪ್ಪುವುದಿಲ್ಲ.

ಬೆಲ್ಲದಕಾಫಿ
ಆಸ್ಟ್ರೇಲಿಯಾದ ದನದವರು ಬೆಂಕಿ ಕೊಡುವುದು ಇಂಗಾಲಕ್ಕೋ ಹುಲ್ಲಿಗೋ?

ಮಳೆಮಾಪಕ
ಎರಡಕ್ಕೂ, ಮತ್ತು ಎರಡೂ ಒಂದೇ ಕಡೆ ಎಳೆಯುವುದಿಲ್ಲ. ದನದವನಿಗೆ ಕುರುಚಲು ಗಿಡ ಸಾಯಬೇಕು, ಇಲ್ಲದಿದ್ದರೆ ಹುಲ್ಲುಗಾವಲು ಮುಚ್ಚಿಹೋಗುತ್ತದೆ; ಅದಕ್ಕೆ ಒಣಗಾಲದ ಕೊನೆಯಲ್ಲಿ, ಮೊದಲ ಮಳೆಯ ಹೊಸ್ತಿಲಲ್ಲಿ ದೊಡ್ಡ ಉರಿಯೇ ಬೇಕು. ಇಂಗಾಲದ ಲೆಕ್ಕಕ್ಕೆ ಬೇಕಾದದ್ದು ಮೊದಲರ್ಧದ ಸಣ್ಣ ಉರಿ, ಅದು ಕುರುಚಲನ್ನು ಸವರಿ ಹೋಗುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮೇವಿನ ವಿಷಯವೂ ಇದೆ: ಮೊದಲೇ ಸುಟ್ಟರೆ ಆರು ತಿಂಗಳ ಒಣಮೇವು ಕೈತಪ್ಪುತ್ತದೆ. ಸುಟ್ಟ ಜಾಗದಲ್ಲಿ ಎಳೆಚಿಗುರು ಬಂದೊಡನೆ ಇಡೀ ಹಿಂಡು ಅಲ್ಲೇ ಬೀಡುಬಿಟ್ಟು ಬುಡಸಹಿತ ಮೇಯುತ್ತದೆ, ಆದ್ದರಿಂದ ಸುಟ್ಟ ತುಂಡಿಗೆ ಕೆಲಕಾಲ ದನ ಬಿಡಬಾರದು. ಇದರ ಜೊತೆಗೆ ಮೇವಿಗೆಂದು ಅವರೇ ಆಫ್ರಿಕಾದಿಂದ ತಂದ ಗಾಂಬಾ ಎಂಬ ಹುಲ್ಲು ಈಗ ಕಳೆಯಾಗಿ ಹಬ್ಬಿ, ಆಳಿಗಿಂತ ಎತ್ತರ ಬೆಳೆದು ಸ್ಥಳೀಯ ಹುಲ್ಲಿಗಿಂತ ಹಲವು ಪಟ್ಟು ಜೋರಾಗಿ ಉರಿಯುತ್ತದೆ.

ಕೊಟ್ಟಿಗೆಯಾಕೆ
ಚಿಗುರಿನ ಮಾತು ನೂರಕ್ಕೆ ನೂರು ನಿಜ. ಸುಟ್ಟ ಬಾಣೆಯ ಚಿಗುರಿಗೆ ನನ್ನ ಕೆಂದಿ ಬೇಲಿಯನ್ನೇ ಮುರಿದಿದ್ದಾಳೆ. ದನಕ್ಕೆ ಹತ್ತುವ ಉಣ್ಣೆಹುಳವೂ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಕಂಡಂತೆ ಒಂದು ಮಳೆಗಾಲ ಕಳೆದರೆ ಎಲ್ಲ ಮೊದಲಿನಂತೆ.

ಕೊಲ್ಲಿತೋಡು
ಯಾರೂ ಹೇಳದ ತೊಂದರೆಯೊಂದನ್ನು ನಾನು ಹೇಳುತ್ತೇನೆ. ಡಿಸೆಂಬರ್, ಜನವರಿ ಎಂದರೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ, ಕಣದಲ್ಲಿ ಹರಡಿದ್ದನ್ನು ತಿರುವಲೂ ಆಳಿಲ್ಲ. ಬೆಂಕಿ ಕಾಯಲು ಕನಿಷ್ಠ ಆರು ಜನ ಬೇಕೆಂದರೆ ಯಾರನ್ನು ಕರೆಯುತ್ತೀರಿ? ಮಾರ್ಚ್‌ನಲ್ಲಿ ಆಳುಗಳು ಸಿಗುತ್ತಾರೆ, ಆಗ ಹುಲ್ಲು ಸಿಡಿಮದ್ದಿನಂತೆ ಒಣಗಿರುತ್ತದೆ. ನಮ್ಮ ಊರಿನ ಸಣ್ಣ ಉರಿ ಸತ್ತದ್ದು ಕಾನೂನಿನಿಂದಲ್ಲ, ಕಾಫಿಯಿಂದ.

ಹಡ್ಲುಮನೆ
ಕಾನೂನಿನಿಂದಲೂ ಹೌದು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಬ್ರಿಟಿಷರು ಕಾನೂನಿನಿಂದಲೇ ತಡೆದರು. ಬ್ರೆಜಿಲ್ ದೇಶ ಬೆಂಕಿಯೇ ಬೇಡವೆಂದು ದಶಕಗಟ್ಟಲೆ ಹಟ ಹಿಡಿದು, ಸೆರಾಡೊ ಬಯಲಿನಲ್ಲಿ 2014ರಿಂದ ಸಣ್ಣ ಉರಿಯನ್ನು ಪ್ರಯೋಗಿಸಿ, 2024ರಲ್ಲಿ ಅದಕ್ಕೊಂದು ರಾಷ್ಟ್ರೀಯ ಕಾನೂನನ್ನೇ ಮಾಡಿತು. ನಾವು ಇನ್ನೂ ಫೈರ್ ಲೈನಿನಲ್ಲೇ ಇದ್ದೇವೆ.

ಹಳೆ ವಾಚರ್
ಫೈರ್ ಲೈನನ್ನು ಹಗುರವಾಗಿ ಆಡಬೇಡಿ ಸ್ವಾಮಿ. ಹನ್ನೆರಡು ಅಡಿ ಸವರಿದ ಪಟ್ಟಿಯ ಮುಂದೆ ಬೆಂಕಿ ಮುದುರಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರೆಯಂಚಿನವರೇ, ಐದು ಎಕರೆಯನ್ನೂ ಸುಡುವ ಆಸೆ ಬಿಡಿ. ಪೈಸಾರಿಯ ಬದಿಗೆ ಒಂದು ಪಟ್ಟಿ, ತೋಟದ ಬದಿಗೆ ಇನ್ನೊಂದು ಪಟ್ಟಿ ಸವರಿ. ಸವರಿದ ಹುಲ್ಲನ್ನು ಅಲ್ಲೇ ರಾಶಿ ಹಾಕಬೇಡಿ, ಕೊಟ್ಟಿಗೆಗೆ ಹೊರಿ. ಮೇಲಿನ ಪಟ್ಟಿಯನ್ನಷ್ಟೇ ಸುಡುವುದಾದರೆ ಮೊದಲು ಅರಣ್ಯ ಇಲಾಖೆಯವರಿಗೂ ನೆರೆಯವರಿಗೂ ತಿಳಿಸಿ.

ಬರೆಯಂಚಿನವ
ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಎಂಟು ಡಾಲರಿನ ಆಸೆ ಲೆಕ್ಕದಕಡ್ಡಿಯವರ ಗುಣಾಕಾರದಲ್ಲೇ ಸುಟ್ಟುಹೋಯಿತು, ಮಳೆಮಾಪಕರು ಉಳಿದ ಬೂದಿಯನ್ನೂ ಗುಡಿಸಿದರು. ದೊಡ್ಡಪ್ಪನ ಮಗನಿಗೆ ಅದನ್ನೇ ಬರೆದು ಕಳಿಸಿದ್ದೇನೆ.

ಹುಲ್ಲು ಸುತ್ತಿ ನೋಡುವ ಪರೀಕ್ಷೆಯನ್ನು ಇಂದು ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಹಿಡಿ ಕಿತ್ತಾಗ ಮಂಜಿನ ನೀರು ಮೊಣಕೈವರೆಗೆ ಇಳಿಯಿತು. ಮಧ್ಯಾಹ್ನ ಮೂರಕ್ಕೆ ಬಿಸಿಲಿನ ಮುಖದ ಬರೆಯಲ್ಲಿ ಅದೇ ಹುಲ್ಲು ಬೆರಳಿಗೆ ಅರ್ಧ ಸುತ್ತು ಬರುವಷ್ಟರಲ್ಲಿ ಚಟ್ಟೆಂದು ಮುರಿಯಿತು. ಇಪ್ಪತ್ತು ಹೆಜ್ಜೆ ಆಚೆ, ಕೊಲ್ಲಿಯ ನೆರಳಿನಲ್ಲಿ ಕಿತ್ತದ್ದು ಹಗ್ಗದ ಹಾಗೆ ಸುತ್ತಿಕೊಂಡಿತು. ಒಂದೇ ಬಾಣೆಯಲ್ಲಿ ಡಿಸೆಂಬರೂ ಮಾರ್ಚೂ ಅಕ್ಕಪಕ್ಕ ಇರುವುದನ್ನು ಇಷ್ಟು ವರ್ಷ ಗಮನಿಸಿರಲಿಲ್ಲ. ಬೆಂಕಿಪೊಟ್ಟಣ ಜೇಬಿನಲ್ಲೇ ಹಿಂದಕ್ಕೆ ಬಂತು. ಭಾನುವಾರ ಇಬ್ಬರು ಆಳು ಬರುತ್ತೇವೆಂದಿದ್ದಾರೆ, ಎರಡೂ ಪಟ್ಟಿಗಳನ್ನು ಕತ್ತಿಯಲ್ಲೇ ಸವರುತ್ತೇವೆ.

ಕೊಟ್ಟಿಗೆಯಾಕೆ
ಹುಲ್ಲು ಹೆಚ್ಚಾದರೆ ನನ್ನ ಕೊಟ್ಟಿಗೆಗೆ ಎರಡು ಜೀಪು ಕಳಿಸಿ. ಬಾಡಿಗೆ ನಾನು ಕೊಡುತ್ತೇನೆ.

ಹಳೆ ವಾಚರ್
ಮೂರಕ್ಕಲ್ಲ, ಸಂಜೆ ಐದೂವರೆಗೆ ಕಿತ್ತು ನೋಡಬೇಕಿತ್ತು. ನಾಳೆ ಇನ್ನೊಮ್ಮೆ ನೋಡಿ ತಿಳಿಸಿ.